ಎಂಬಿಬಿಎಸ್ ಇಲೆಕ್ಟಿವ್ ಆರಿಸುವುದು ಹೇಗೆ? ಪಿಜಿ ಬ್ರಾಂಚ್ ನಿರ್ಧರಿಸುವ ಮೊದಲು ಓದಬೇಕಾದ ಸಮಗ್ರ ಮಾರ್ಗದರ್ಶಿ

ಥರ್ಡ್ ಇಯರ್ ಪಾರ್ಟ್ ಒನ್ ಪರೀಕ್ಷೆ ಮುಗಿಯುವ ಹೊತ್ತಿಗೆ ಇಲೆಕ್ಟಿವ್ ಪಟ್ಟಿ ನೋಟಿಸ್ ಬೋರ್ಡಿಗೆ ಬರುತ್ತದೆ. ಇಲೆಕ್ಟಿವ್ ಅಂದರೆ ನಾವೇ ಆರಿಸಿಕೊಂಡ ವಿಭಾಗದಲ್ಲಿ ಕೆಲವು ದಿನ ಇದ್ದು ಕಲಿಯುವ ಅವಧಿ. ರೂಂಮೇಟ್ ಎಲ್ಲಿ ಹೆಸರು ಬರೆಸಿದಳೋ ಅಲ್ಲೇ ನಾವೂ ಬರೆಸುತ್ತೇವೆ. ಇಲ್ಲದಿದ್ದರೆ ಯಾವ ಡಿಪಾರ್ಟ್‌ಮೆಂಟಿನಲ್ಲಿ ಹನ್ನೊಂದು ಗಂಟೆಗೇ ಬಿಡುತ್ತಾರೆ ಎಂದು ಸೀನಿಯರ್ ಹತ್ತಿರ ಕೇಳಿಕೊಂಡು ಅಲ್ಲಿಗೆ ಹೋಗುತ್ತೇವೆ. ಉಳಿದ ಹೊತ್ತು ಲೈಬ್ರರಿಯಲ್ಲಿ ಪಿಜಿ ಪ್ರವೇಶ ಪರೀಕ್ಷೆಯ ಎಂಸಿಕ್ಯೂ ಬಿಡಿಸಬಹುದಲ್ಲ ಅನ್ನುವ ಲೆಕ್ಕ.

ಆ ಲೆಕ್ಕ ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ಎಂಬಿಬಿಎಸ್ ಆದ ಮೇಲಿನ ಪಿಜಿ (ಎಂಡಿ, ಎಂಎಸ್) ಸೀಟು ಸಿಗುವುದು ನೀಟ್ ಪಿಜಿ ರ‍್ಯಾಂಕಿನ ಮೇಲೆ. ಏಮ್ಸ್, ಜಿಪ್ಮರ್, ಚಂಡೀಗಢದ ಪಿಜಿಐ, ನಮ್ಮ ನಿಮ್ಹಾನ್ಸ್‌ಗಳಿಗೆ ಐಎನ್‌ಐ ಸಿಇಟಿ ಎಂಬ ಬೇರೆ ಪ್ರವೇಶ ಪರೀಕ್ಷೆ ಇದೆ, ಅಲ್ಲೂ ರ‍್ಯಾಂಕೇ. ನೀವು ಇಲೆಕ್ಟಿವ್ ಎಲ್ಲಿ ಮಾಡಿದಿರಿ ಎಂದು ಕೌನ್ಸೆಲಿಂಗ್‌ನಲ್ಲಿ ಯಾರೂ ಕೇಳುವುದಿಲ್ಲ. ಆದರೆ ರ‍್ಯಾಂಕ್ ಬಂದ ಮೇಲೆ ಆಯ್ಕೆ ತುಂಬುವವರು ನೀವು. ಯಾವ ಬ್ರಾಂಚ್ ಮೇಲೆ, ಯಾವುದು ಕೆಳಗೆ ಎಂದು ಆ ರಾತ್ರಿ ಕೂತು ಜೋಡಿಸುವಾಗ ನಿಮ್ಮ ಹತ್ತಿರ ಏನು ಆಧಾರ ಇರುತ್ತದೆ? ಇಲೆಕ್ಟಿವ್ ಬೇಕಾಗಿರುವುದು ಆ ರಾತ್ರಿಗೆ.

ನನ್ನದೇ ಹೇಳುತ್ತೇನೆ. ನಮ್ಮ ಕಾಲದಲ್ಲಿ ಇಲೆಕ್ಟಿವ್ ಇರಲಿಲ್ಲ. ರ‍್ಯಾಂಕ್ ಚೆನ್ನಾಗಿ ಬಂತು, ಎಲ್ಲರೂ ಒಳ್ಳೆ ಬ್ರಾಂಚ್ ಅಂದರು, ಆರ್ಥೋಪೆಡಿಕ್ಸ್ ತೆಗೆದುಕೊಂಡೆ. ಆರ್ಥೋ ಪಿಜಿಯ ಒಂದು ಇಡೀ ದಿನ ಹೇಗಿರುತ್ತದೆ ಎಂದು ನಾನು ಅಲ್ಲಿಯವರೆಗೆ ನೋಡಿರಲೇ ಇಲ್ಲ. ಐದು ತಿಂಗಳಿಗೆ ಬಿಟ್ಟು ಬಂದೆ. ದಂಡ ಕಟ್ಟಲು ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿದರು, ನನ್ನ ಒಂದು ವರ್ಷ ಹೋಯಿತು. ಮತ್ತೆ ಪರೀಕ್ಷೆ ಬರೆದು ಅನಸ್ತೇಷಿಯಾ ಸೇರಿದೆ. ಮೊದಲ ವಾರದಲ್ಲೇ ಇದು ನನ್ನ ಜಾಗ ಅನ್ನಿಸಿತು. ಇಂಟರ್ನ್‌ಶಿಪ್‌ನಲ್ಲಿ ಇದೇ ವಿಭಾಗಕ್ಕೆ ಬಂದಿದ್ದೆ. ಬೆಳಿಗ್ಗೆ ಸಹಿ ಹಾಕಿ ಹಾಸ್ಟೆಲಿಗೆ ಹೋಗಿ ಓದುತ್ತಿದ್ದೆ. ಆಗ ನಾಲ್ಕು ದಿನ ಓಟಿಯಲ್ಲಿ (ಆಪರೇಷನ್ ಥಿಯೇಟರಿನಲ್ಲಿ) ನಿಂತಿದ್ದರೆ ಅಪ್ಪನ ಸಾಲ ಉಳಿಯುತ್ತಿತ್ತು. ಈಗ ನಾನೇ ಇಲೆಕ್ಟಿವ್ ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಹಂತ 1: ನಿಯಮ ಏನಿದೆ ನೋಡಿಕೊಳ್ಳಿ

2019ರ ಬ್ಯಾಚಿನಿಂದ ಸಿಬಿಎಂಇ ಎಂಬ, ಸಾಮರ್ಥ್ಯ ಆಧರಿಸಿದ ಹೊಸ ಪಠ್ಯಕ್ರಮ ಬಂತು, ಅದರ ಜೊತೆ ಇಲೆಕ್ಟಿವ್ ಬಂತು. ಮೊದಲು ನಾಲ್ಕು ನಾಲ್ಕು ವಾರದ ಎರಡು ಬ್ಲಾಕ್ ಇತ್ತು. 2023ರ ನಿಯಮದಲ್ಲಿ ಅದು ಒಂದು ತಿಂಗಳಿಗೆ ಇಳಿದು, 15 ದಿನದ ಎರಡು ಬ್ಲಾಕ್ ಆಗಿದೆ. ಮೊದಲನೆಯದು ಪ್ರೀಕ್ಲಿನಿಕಲ್ ಅಥವಾ ಪ್ಯಾರಾಕ್ಲಿನಿಕಲ್ ವಿಭಾಗದಲ್ಲಿ (ಅನಾಟಮಿ, ಪೆಥಾಲಜಿಯಂಥವು), ಲ್ಯಾಬಿನಲ್ಲಿ, ಇಲ್ಲವೇ ನಡೆಯುತ್ತಿರುವ ಸಂಶೋಧನೆಯೊಂದರಲ್ಲಿ. ಎರಡನೆಯದು ಕ್ಲಿನಿಕಲ್ ವಿಭಾಗದಲ್ಲಿ. ಸೂಪರ್ ಸ್ಪೆಷಾಲಿಟಿ, ಐಸಿಯು, ಬ್ಲಡ್ ಬ್ಯಾಂಕ್, ಕ್ಯಾಶುವಾಲ್ಟಿ ಎಲ್ಲ ಇದರಲ್ಲಿ ಸೇರುತ್ತವೆ. ಹಳ್ಳಿಯ ಅಥವಾ ನಗರದ ಸಮುದಾಯ ಕ್ಲಿನಿಕ್ಕಿನಲ್ಲಿ ಮಾಡಲೂ ಅವಕಾಶವಿದೆ.

ಹಾಜರಿ ಶೇ 75 ಬೇಕು. ಅಂದರೆ 15 ದಿನಕ್ಕೆ 12 ದಿನ. ಲಾಗ್‌ಬುಕ್ ಕೊಡದಿದ್ದರೆ ಫೈನಲ್ ಪರೀಕ್ಷೆಗೆ ಕೂರಲು ಆಗುವುದಿಲ್ಲ. ಬೇರೆ ಪೋಸ್ಟಿಂಗ್‌ನ ಹಾಜರಿ ಕೊರತೆ ತುಂಬಿಸಲು ಈ ದಿನಗಳನ್ನು ಬಳಸುವಂತಿಲ್ಲ. ಯಾವ ವಿಭಾಗದಲ್ಲಿ ಎಷ್ಟು ಜನ, ಮೇಲ್ವಿಚಾರಕರು ಯಾರು ಎಂದು ಕಾಲೇಜು ಮೊದಲೇ ಗೊತ್ತು ಮಾಡಿರುತ್ತದೆ. ಹಾಗಾಗಿ ಪಟ್ಟಿ ಬರುವ ತನಕ ಕಾಯಬೇಡಿ. ಎರಡು ತಿಂಗಳು ಮೊದಲೇ ಮೆಡಿಕಲ್ ಎಜುಕೇಶನ್ ಯೂನಿಟ್‌ಗೆ ಹೋಗಿ, ಹಿಂದಿನ ಬ್ಯಾಚಿನ ಪಟ್ಟಿ ಕೇಳಿ ನೋಡಿ. ಬಹಳ ವ್ಯತ್ಯಾಸ ಇರುವುದಿಲ್ಲ.

ಹಂತ 2: ಬೇಡದ್ದನ್ನು ಮೊದಲು ತೆಗೆಯಿರಿ

‘ನನಗೆ ಯಾವ ಬ್ರಾಂಚ್ ಇಷ್ಟ?’ ಎಂದು ಕೇಳಿಕೊಂಡರೆ ಉತ್ತರ ಹೊಳೆಯುವುದಿಲ್ಲ. ಎರಡು ವರ್ಷ ವಾರ್ಡ್ ಸುತ್ತಿದವರಿಗೆ ತಮಗೆ ಏನು ಆಗಿಬರುವುದಿಲ್ಲ ಎನ್ನುವುದು ಮಾತ್ರ ಚೆನ್ನಾಗಿ ಗೊತ್ತಿರುತ್ತದೆ. ಅಲ್ಲಿಂದ ಶುರು ಮಾಡಿ. ಒಂದು ಹಾಳೆಯಲ್ಲಿ ಎಲ್ಲ ಬ್ರಾಂಚ್‌ಗಳ ಹೆಸರು ಬರೆಯಿರಿ. ಆಮೇಲೆ ಈ ಪ್ರಶ್ನೆಗಳನ್ನು ಇಟ್ಟುಕೊಂಡು ಒಂದೊಂದನ್ನೇ ಹೊಡೆಯುತ್ತ ಬನ್ನಿ.

ರೋಗಿಯ ಜೊತೆ ಎಷ್ಟು ಮಾತು ಬೇಕು ನಿಮಗೆ? ಸೈಕಿಯಾಟ್ರಿಯಲ್ಲಿ ಮಾತೇ ಔಷಧಿ. ಪೀಡಿಯಾಟ್ರಿಕ್ಸ್‌ನಲ್ಲಿ ಮಗುವಿಗಿಂತ ಜಾಸ್ತಿ ಮಾತು ಅಮ್ಮ, ಅಜ್ಜಿಯ ಜೊತೆ. ಪೆಥಾಲಜಿಯಲ್ಲಿ ರೋಗಿ ಎದುರಿಗೇ ಇರುವುದಿಲ್ಲ, ಸ್ಲೈಡ್ ಇರುತ್ತದೆ. ಮಾತಾಡಿ ಸುಸ್ತಾಗುವ ಸ್ವಭಾವ ನಿಮ್ಮದಾಗಿದ್ದರೆ ಅದು ತಪ್ಪಲ್ಲ, ಅದನ್ನು ಒಪ್ಪಿಕೊಂಡು ಆರಿಸಿ.

ಫಲ ಎಷ್ಟು ಬೇಗ ಕಣ್ಣಿಗೆ ಬೀಳಬೇಕು? ಓಟಿಯಲ್ಲಿ ನಾನು ಕೊಟ್ಟ ಔಷಧಿಯ ಪರಿಣಾಮ ಒಂದು ನಿಮಿಷದೊಳಗೆ ಮಾನಿಟರಿನಲ್ಲಿ ಕಾಣುತ್ತದೆ. ಕ್ಯಾಶುವಾಲ್ಟಿಯೂ ಹಾಗೇ. ಸಕ್ಕರೆ ಕಾಯಿಲೆ, ಸೋರಿಯಾಸಿಸ್, ಸ್ಕಿಜೋಫ್ರೇನಿಯಾದಲ್ಲಿ ವರ್ಷಗಟ್ಟಲೆ ಅದೇ ಮನುಷ್ಯನ ಜೊತೆ ನಡೆಯಬೇಕು. ಕೆಲವರಿಗೆ ಅದೇ ಖುಷಿ.

ಕೈಕೆಲಸ ಬೇಕೋ ಬೇಡವೋ? ಹೊಲಿಗೆ ಹಾಕುವಾಗ ನಿಮ್ಮ ಮುಖದಲ್ಲಿ ಬರುವ ಗೆಲುವು ಕೇಸ್ ಪ್ರೆಸೆಂಟೇಷನ್ ಹೊತ್ತಿಗೆ ಇರುವುದಿಲ್ಲ ಎಂದಾದರೆ ಸರ್ಜರಿ, ಇಎನ್‌ಟಿ, ಕಣ್ಣಿನ ವಿಭಾಗ, ಓಬಿಜಿ (ಹೆರಿಗೆ, ಸ್ತ್ರೀರೋಗ) ಕಡೆ ನೋಡಿ. ದೇಹದ ಮಾತನ್ನೂ ಕೇಳಿ. ಆರು ತಾಸು ನಿಲ್ಲಲು ಬೆನ್ನು ಒಪ್ಪುತ್ತದೆಯೇ? ಕೀವಿನ ವಾಸನೆ ತಡೆಯುತ್ತದೆಯೇ? ನಿದ್ದೆ ಕೆಟ್ಟ ಮರುದಿನ ನಿಮ್ಮ ತಲೆ ಹೇಗಿರುತ್ತದೆ?

ಕೊನೆಯದು, ಮುಂದೆ ಎಲ್ಲಿ ಬದುಕಬೇಕು ಅಂದುಕೊಂಡಿದ್ದೀರಿ? ತಾಲ್ಲೂಕು ಊರಿಗೆ ಹೋಗಿ ಮೇಜು, ಸ್ಟೆತಾಸ್ಕೋಪ್, ಇಸಿಜಿ ಮೆಷಿನ್ ಇಟ್ಟುಕೊಂಡು ಫಿಸಿಷಿಯನ್ ಕೂತುಬಿಡಬಹುದು. ರೇಡಿಯಾಲಜಿಸ್ಟ್‌ಗೆ ಮೆಷಿನ್ನಿಗೇ ದೊಡ್ಡ ದುಡ್ಡು ಬೇಕು, ಅಲ್ಟ್ರಾಸೌಂಡ್ ಇಡಲು ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ನೋಂದಣಿ ಆಗಬೇಕು. ಅನಸ್ತೇಷಿಯಾದವರಿಗೆ ಸ್ವಂತ ಕ್ಲಿನಿಕ್ ಬೇಕಿಲ್ಲ, ಆದರೆ ಸರ್ಜನ್ ಕರೆದಾಗ ಹೋಗಬೇಕು. ಇದನ್ನೆಲ್ಲ ಮನೆಯವರ ಜೊತೆ ಕೂತು ಮಾತಾಡಿ.

ಈ ಪ್ರಶ್ನೆಗಳಿಂದ ಪಟ್ಟಿ ಮೂರೋ ನಾಲ್ಕೋ ಹೆಸರಿಗೆ ಇಳಿಯುತ್ತದೆ. ಅದರಲ್ಲಿ ನಿಮಗೆ ಕಡಿಮೆ ಗೊತ್ತಿರುವುದನ್ನೇ ಇಲೆಕ್ಟಿವ್‌ಗೆ ಇಟ್ಟುಕೊಳ್ಳಿ. ಮೆಡಿಸಿನ್, ಸರ್ಜರಿ, ಓಬಿಜಿಗೆ ಹೇಗಿದ್ದರೂ ಇಂಟರ್ನ್‌ಶಿಪ್‌ನಲ್ಲಿ ವಾರಗಟ್ಟಲೆ ಹೋಗುತ್ತೀರಿ. ರೇಡಿಯಾಲಜಿ, ಎಮರ್ಜೆನ್ಸಿ ಮೆಡಿಸಿನ್, ರೇಡಿಯೇಷನ್ ಆಂಕಾಲಜಿಯಂಥವನ್ನು ಹತ್ತಿರದಿಂದ ನೋಡಲು ಇಂಥ ಅವಕಾಶ ಮತ್ತೆ ಮತ್ತೆ ಬರುವುದಿಲ್ಲ.

ಹಂತ 3: ಸೂಪರ್ ಸ್ಪೆಷಾಲಿಟಿ ಆಸೆ ಇದ್ದವರು ಇಲ್ಲಿ ನಿಂತು ಯೋಚಿಸಿ

ಬಹಳ ಜನ ಎಡವುವುದು ಇಲ್ಲಿ. ‘ಮೇಡಂ, ನನಗೆ ಕಾರ್ಡಿಯಾಲಜಿ ಇಷ್ಟ, ಜಯದೇವಕ್ಕೆ ಇಲೆಕ್ಟಿವ್ ಹಾಕ್ತೀನಿ’ ಎಂದು ಪ್ರತಿ ವರ್ಷ ಯಾರಾದರೂ ಬರುತ್ತಾರೆ. ಹೋಗಬೇಡಿ ಎನ್ನುವುದಿಲ್ಲ. ಬೆಂಗಳೂರು, ಮೈಸೂರು, ಕಲಬುರಗಿಯ ಜಯದೇವ ಆಸ್ಪತ್ರೆಗಳಲ್ಲಿ ಕಣ್ಣು ತುಂಬುವಷ್ಟು ಕೇಸ್ ಇರುತ್ತವೆ. ಕ್ಯಾಥ್ ಲ್ಯಾಬಿನಲ್ಲಿ ಮುಚ್ಚಿದ ರಕ್ತನಾಳ ತೆರೆದುಕೊಳ್ಳುವುದನ್ನು ಪರದೆಯ ಮೇಲೆ ನೋಡಿದರೆ ಯಾರಿಗೂ ಮೈ ಝುಂ ಅನ್ನುತ್ತದೆ.

ಆದರೆ ದಾರಿ ನೋಡಿ. ಡಿಎಂ (ಎಂಡಿ ನಂತರದ ಸೂಪರ್ ಸ್ಪೆಷಾಲಿಟಿ ಪದವಿ) ಕಾರ್ಡಿಯಾಲಜಿಗೆ ಮೊದಲು ಎಂಡಿ ಆಗಬೇಕು, ಬಹುತೇಕರಿಗೆ ಅದು ಜನರಲ್ ಮೆಡಿಸಿನ್. ಮೂರು ವರ್ಷ ಎಂಡಿ, ಆಮೇಲೆ ನೀಟ್ ಎಸ್ಎಸ್ ಪ್ರವೇಶ ಪರೀಕ್ಷೆ, ಮತ್ತೆ ಮೂರು ವರ್ಷ ಡಿಎಂ. ಆ ಮೊದಲ ಮೂರು ವರ್ಷ ನೀವು ಇರುವುದು ಮೆಡಿಸಿನ್ ವಾರ್ಡಿನಲ್ಲಿ. ಡೆಂಗಿ, ಹಾವು ಕಡಿತ, ಲಿವರ್ ಹಾಳಾದವರು, ಕೀಟನಾಶಕ ಕುಡಿದವರು, ಪಾರ್ಶ್ವವಾಯು. ಆ ವಾರ್ಡ್ ನಿಮಗೆ ಹಿಡಿಸದಿದ್ದರೆ ಕ್ಯಾಥ್ ಲ್ಯಾಬಿನ ಬಾಗಿಲ ತನಕ ಹೋಗುವುದೇ ಕಷ್ಟ. ಕಾರ್ಡಿಯಾಲಜಿ ಆಸೆ ಇದ್ದವರು ನಿಮ್ಮದೇ ಕಾಲೇಜಿನ ಮೆಡಿಸಿನ್ ಯೂನಿಟ್ಟಿನಲ್ಲಿ, ಅಡ್ಮಿಷನ್ ದಿನ (ಯೂನಿಟ್ ಹೊಸ ರೋಗಿಗಳನ್ನು ಸೇರಿಸಿಕೊಳ್ಳುವ ದಿನ) ತಪ್ಪದೆ ಇಲೆಕ್ಟಿವ್ ಮಾಡಿ ಎಂದೇ ನಾನು ಹೇಳುತ್ತೇನೆ. ಯುರಾಲಜಿ, ಪ್ಲಾಸ್ಟಿಕ್ ಸರ್ಜರಿ ಆಸೆಯವರಿಗೆ ಜನರಲ್ ಸರ್ಜರಿ ವಾರ್ಡ್.

ಕ್ಯಾನ್ಸರ್ ವಿಷಯದಲ್ಲಿ ಇನ್ನೂ ಜಾಸ್ತಿ ಗೊಂದಲ. ರೇಡಿಯೇಷನ್ ಆಂಕಾಲಜಿ ಎಂಬಿಬಿಎಸ್ ಆದ ಮೇಲೆ ನೇರವಾಗಿ ಸೇರುವ ಎಂಡಿ. ಮೆಡಿಕಲ್ ಆಂಕಾಲಜಿ ಡಿಎಂ, ಸರ್ಜಿಕಲ್ ಆಂಕಾಲಜಿ ಎಂಸಿಎಚ್, ಅಂದರೆ ಎಂಎಸ್ ನಂತರದ ಸೂಪರ್ ಸ್ಪೆಷಾಲಿಟಿ ಪದವಿ. ಮೂರೂ ಬೇರೆ ಬೇರೆ ದಾರಿ. ಕಿದ್ವಾಯಿಯಂಥ ಕ್ಯಾನ್ಸರ್ ಸಂಸ್ಥೆಗೆ ಹೋಗುವವರು ಯಾವ ವಿಭಾಗ ಎಂದು ಸ್ಪಷ್ಟವಾಗಿ ಬರೆದು ಅರ್ಜಿ ಹಾಕಿ. ಸುಮ್ನೆ ‘ಆಂಕಾಲಜಿ’ ಎಂದರೆ ಎಲ್ಲೋ ಒಂದು ಕಡೆ ಹಾಕುತ್ತಾರೆ. ಸೈಕಿಯಾಟ್ರಿಗೆ ಈ ತೊಡಕಿಲ್ಲ. ಅದು ನೇರ ಎಂಡಿ. ನಿಮ್ಹಾನ್ಸ್‌ನಲ್ಲಿ ನೀವು ನೋಡುವ ಫಸ್ಟ್ ಇಯರ್ ಪಿಜಿ ನಾಳೆ ನೀವೇ ಆಗಬಹುದು.

ಹಂತ 4: ಕನ್ಸಲ್ಟೆಂಟ್ ಅಲ್ಲ, ಫಸ್ಟ್ ಇಯರ್ ಪಿಜಿಯನ್ನು ನೋಡಿ

ಈ ಇಡೀ ಬರಹದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಡಿ. ಬ್ರಾಂಚ್ ಮೇಲೆ ನಮಗೆ ಮನಸ್ಸಾಗುವುದು ಪ್ರೊಫೆಸರನ್ನು ನೋಡಿ. ಅವರು ರೌಂಡ್ಸಿಗೆ ಬಂದಾಗ ವಾರ್ಡ್ ಎದ್ದು ನಿಲ್ಲುತ್ತದೆ, ಒಂದು ಮಾತಿನಲ್ಲಿ ಡಯಾಗ್ನೋಸಿಸ್ ಹೇಳುತ್ತಾರೆ. ಅವರು ಆ ಕೆಲಸದಲ್ಲಿ ಇಪ್ಪತ್ತು ವರ್ಷ ಪಳಗಿದವರು. ನೀವು ಸೇರಿದ ಮೇಲೆ ಆಗುವುದು ಅವರ ಹಿಂದೆ ಎಕ್ಸ್‌ರೇ ಕವರ್ ಹಿಡಿದು ಓಡುವ ಹುಡುಗ ಅಥವಾ ಹುಡುಗಿ. ಆ ಬದುಕು ಮೂರು ವರ್ಷ ಆದೀತೇ ಎನ್ನುವುದು ಪ್ರಶ್ನೆ.

ಡರ್ಮಟಾಲಜಿ ಅಂದರೆ ಎಲ್ಲರ ಮನಸ್ಸಿನಲ್ಲಿ ಲೇಸರ್ ಕ್ಲಿನಿಕ್ ಬರುತ್ತದೆ. ಸರ್ಕಾರಿ ಆಸ್ಪತ್ರೆಯ ಚರ್ಮದ ಓಪಿಡಿಯಲ್ಲಿ ಫಸ್ಟ್ ಇಯರ್ ಪಿಜಿ ಪಕ್ಕ ಕೂತು ನೋಡಿ. ಹುಳುಕಡ್ಡಿ, ಕಜ್ಜಿ, ಮತ್ತೆ ಹುಳುಕಡ್ಡಿ. ಮಚ್ಚೆಯ ಅಂಚನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು, ಉದುರಿದ ಪುಡಿಯನ್ನು ಸ್ಲೈಡಿಗೆ ಹಾಕಿ, ಕೆಓಎಚ್ ದ್ರಾವಣ ಒಂದು ತೊಟ್ಟು ಬಿಟ್ಟು, ಕವರ್ ಸ್ಲಿಪ್ ಮುಚ್ಚಿ ಕಾಯುತ್ತಾರೆ. ಆಮೇಲೆ ಮೈಕ್ರೋಸ್ಕೋಪಿನಲ್ಲಿ ಶಿಲೀಂಧ್ರದ ಕವಲೊಡೆದ ಎಳೆ ಕಾಣುತ್ತದೆ. ಇಪ್ಪತ್ತನೇ ಸ್ಲೈಡಿನಲ್ಲೂ ಆ ಎಳೆ ಹುಡುಕಲು ನಿಮಗೆ ಕುತೂಹಲ ಇದ್ದರೆ ಈ ಬ್ರಾಂಚ್ ನಿಮಗೆ ಒಗ್ಗುತ್ತದೆ.

ರೇಡಿಯಾಲಜಿಯೂ ಅಷ್ಟೇ. ಎಸಿ ರೂಮಿನಲ್ಲಿ ಕೂರುವ ಕೆಲಸ ಅನ್ನುತ್ತಾರೆ. ಅಲ್ಟ್ರಾಸೌಂಡ್ ರೂಮಿನ ಹೊರಗೆ ಬೆಂಚಿನ ತುಂಬ ಗರ್ಭಿಣಿಯರು ಕೂತಿರುತ್ತಾರೆ. ಒಬ್ಬೊಬ್ಬರಿಗೂ ಪಿಸಿಪಿಎನ್‌ಡಿಟಿ ಕಾಯ್ದೆಯ ಫಾರ್ಮ್ ಎಫ್ ತುಂಬಬೇಕು, ಅದರಲ್ಲಿ ತಪ್ಪಾದರೆ ಕಾನೂನಿನ ತೊಂದರೆ. ಪ್ರೋಬ್ ಒತ್ತಿ ಒತ್ತಿ ಪಿಜಿಯ ಭುಜ ಸಂಜೆಗೆ ಸೆಳೆಯುತ್ತದೆ. ರಾತ್ರಿ ಆಕ್ಸಿಡೆಂಟ್ ಕೇಸಿನ ಸಿಟಿ ಬಂದರೆ ಕೆಳಗೆ ಸರ್ಜನ್ ಕಾಯುತ್ತಿರುತ್ತಾರೆ, ಉತ್ತರ ಈಗಲೇ ಬೇಕು. ಹೆದರಿಸಲು ಹೇಳುತ್ತಿಲ್ಲ. ಇದೆಲ್ಲ ನೋಡಿದ ಮೇಲೂ ಬೇಕು ಅನ್ನಿಸಿದರೆ ಆ ಆಸೆ ಗಟ್ಟಿ.

ಹಂತ 5: ಮೊದಲ ಬ್ಲಾಕನ್ನು ಎರಡನೆಯದಕ್ಕೆ ಹೊಂದಿಸಿ

ಲ್ಯಾಬ್ ಬ್ಲಾಕ್ ಅಂದರೆ ರಜೆ ಎಂದು ತಿಳಿಯಬೇಡಿ. ಡರ್ಮಟಾಲಜಿ ಮನಸ್ಸಿದ್ದರೆ ಮೈಕ್ರೋಬಯಾಲಜಿಗೆ ಹೋಗಿ. ಸರ್ಜರಿ ಆದರೆ ಪೆಥಾಲಜಿಯ ಗ್ರಾಸಿಂಗ್ ಟೇಬಲ್ ಮುಂದೆ ನಿಲ್ಲಿ, ಕತ್ತರಿಸಿ ತೆಗೆದ ಸ್ತನದ ಗಡ್ಡೆ, ಕರುಳಿನ ತುಂಡು ಕೈಗೆ ಬರುತ್ತದೆ. ರೇಡಿಯಾಲಜಿ ಆದರೆ ಅನಾಟಮಿ, ಅಡ್ಡ ಸೀಳಿದ ಸ್ಪೆಸಿಮನ್ ನೋಡಿದವರಿಗೆ ಸಿಟಿ ಬೇಗ ಅರ್ಥವಾಗುತ್ತದೆ. ಮೆಡಿಸಿನ್ ಆದರೆ ಫಾರ್ಮಕಾಲಜಿಯಲ್ಲಿ ಔಷಧಿಯ ಅಡ್ಡಪರಿಣಾಮ ದಾಖಲಿಸುವ ಕೇಂದ್ರ ಇದೆಯೇ ವಿಚಾರಿಸಿ. ಐಸಿಎಂಆರ್‌ನ ಎರಡು ತಿಂಗಳ ಎಸ್‌ಟಿಎಸ್ ವಿದ್ಯಾರ್ಥಿ ಸಂಶೋಧನಾ ಪ್ರಾಜೆಕ್ಟ್ ಮಾಡಿದವರು, ಗೈಡ್ ಒಪ್ಪಿದರೆ, ಅದೇ ವಿಷಯವನ್ನು ಈ ಬ್ಲಾಕಿನಲ್ಲಿ ಮುಂದುವರಿಸಬಹುದು.

ಕಮ್ಯುನಿಟಿ ಮೆಡಿಸಿನ್, ಫ್ಯಾಮಿಲಿ ಮೆಡಿಸಿನ್ ಕಡೆ ಒಲವು ಇದ್ದವರಿಗೆ ನಮ್ಮ ರಾಜ್ಯದಲ್ಲಿ ಒಳ್ಳೆಯ ಜಾಗಗಳಿವೆ. ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನ ಆಸ್ಪತ್ರೆ ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಶುರು ಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಇದೆ. ಮೊದಲೇ ಬರೆದು ಒಪ್ಪಿಗೆ ಕೇಳಿ, ನಿಮ್ಮ ಕಾಲೇಜೂ ಒಪ್ಪಬೇಕು.

ಹಂತ 6: ಕಾಗದಪತ್ರ

ನಿಮ್ಮದೇ ಆಸ್ಪತ್ರೆಯಲ್ಲಾದರೆ ಕೆಲಸ ಸುಲಭ. ಹೊರಗೆ ಹೋಗುವುದಾದರೆ ಮೂರು ತಿಂಗಳು ಮುಂಚೆ ಶುರು ಮಾಡಿ. ಪ್ರಿನ್ಸಿಪಾಲರಿಂದ ಎನ್‌ಓಸಿ, ಬೋನಫೈಡ್, ಅಲ್ಲಿನ ವಿಭಾಗದ ಮುಖ್ಯಸ್ಥರಿಗೆ ಒಂದು ಪುಟದ ಪತ್ರ. ಪತ್ರದಲ್ಲಿ ಎರಡು ವಿಷಯ ಇದ್ದರೆ ಸಾಕು: ಯಾವ ದಿನಾಂಕದಿಂದ ಯಾವ ದಿನಾಂಕ, ಅಲ್ಲಿ ಏನು ಕಲಿಯಬೇಕು ಎಂದಿದ್ದೀರಿ. ಶುಲ್ಕ ಇದೆಯೇ, ಉಳಿಯಲು ಜಾಗ ಇದೆಯೇ, ಲಾಗ್‌ಬುಕ್ಕಿಗೆ ಯಾರು ಸಹಿ ಹಾಕುತ್ತಾರೆ ಎನ್ನುವುದನ್ನು ಹೋಗುವ ಮೊದಲೇ ಕೇಳಿಕೊಳ್ಳಿ.

ಹೆಪಟೈಟಿಸ್ ಬಿ ಲಸಿಕೆ ಮೂರೂ ಡೋಸ್ ಆಗಿರಲಿ. ಮೊದಲ ಡೋಸಿನಿಂದ ಮೂರನೆಯದಕ್ಕೆ ಆರು ತಿಂಗಳು ಬೇಕು, ಕೊನೆ ಗಳಿಗೆಯಲ್ಲಿ ಆಗುವ ಕೆಲಸ ಅಲ್ಲ. ಸೂಜಿ ಚುಚ್ಚಿಕೊಂಡರೆ ಮುಚ್ಚಿಡಬೇಡಿ. ಸೋಪು ನೀರಿನಲ್ಲಿ ತೊಳೆದು, ಆ ಕ್ಷಣವೇ ಡ್ಯೂಟಿ ಡಾಕ್ಟರಿಗೆ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, 72 ತಾಸು ದಾಟಬಾರದು. ಬೈಸಿಕೊಳ್ಳುತ್ತೇನೆ ಎಂದು ಹೆದರಿ ಎರಡು ದಿನ ಸುಮ್ಮನಿದ್ದ ಹುಡುಗನನ್ನು ನೋಡಿದ್ದೇನೆ. ಅವನಿಗೆ ಏನೂ ಆಗಲಿಲ್ಲ, ಆದರೆ ಆ ಎರಡು ರಾತ್ರಿ ಅವನು ಮಲಗಿರಲಿಲ್ಲ.

ಹಂತ 7: ಆ 15 ದಿನ ಹೇಗೆ ಕಳೆಯಬೇಕು

ಮೊದಲ ಎರಡು ದಿನ ಜಾಸ್ತಿ ಮಾತು ಬೇಡ. ಸಿಸ್ಟರ್‌ಗಳ ಹೆಸರು, ಓಟಿ ಟೆಕ್ನಿಷಿಯನ್ ಹೆಸರು, ಯಾವ ವಸ್ತು ಎಲ್ಲಿದೆ, ಯೂನಿಟ್ಟಿನ ಓಪಿಡಿ ದಿನ ಯಾವುದು, ಅಡ್ಮಿಷನ್ ದಿನ ಯಾವುದು, ಅಷ್ಟು ತಿಳಿದುಕೊಳ್ಳಿ. ಮೂರನೇ ದಿನ ಒಬ್ಬ ಫಸ್ಟ್ ಇಯರ್ ಪಿಜಿ ಹತ್ತಿರ ಹೋಗಿ, ‘ಮ್ಯಾಮ್, ಈ ಎರಡು ವಾರ ನಿಮ್ಮ ಜೊತೆ ಇರ್ತೀನಿ, ಬ್ಲಡ್ ಕಳಿಸೋದು, ರಿಪೋರ್ಟ್ ತರೋದು ನಾನು ಮಾಡ್ತೀನಿ’ ಎನ್ನಿ. ಬೇಡ ಅನ್ನುವವರು ಬಹಳ ಕಡಿಮೆ. ಅಲ್ಲಿಂದ ಅವರು ಎಲ್ಲಿರುತ್ತಾರೋ ನೀವೂ ಅಲ್ಲಿ.

ಕನಿಷ್ಠ ಎರಡು ರಾತ್ರಿ ಡ್ಯೂಟಿ ಮಾಡಲೇಬೇಕು, ನಿಯಮ ಕೇಳದಿದ್ದರೂ ಮಾಡಿ. ಹಗಲಿನಲ್ಲಿ ಎಲ್ಲ ಬ್ರಾಂಚೂ ಚೆನ್ನಾಗಿಯೇ ಕಾಣುತ್ತವೆ. ಬೆಳಗಿನ ಜಾವ ಮೂರು ಗಂಟೆಗೆ ಫೋನ್ ಬಂದಾಗ ನಿಮ್ಮೊಳಗೆ ಏನಾಗುತ್ತದೆ ಎಂದು ನೋಡಿಕೊಳ್ಳಿ. ‘ಅಯ್ಯೋ’ ಎಲ್ಲರಿಗೂ ಅನ್ನಿಸುತ್ತದೆ. ಅದು ಮುಗಿದ ಮೇಲೆ ಏನು ಬಂದಿದೆ ನೋಡೋಣ ಎಂದು ಕಾಲು ತಾನೇ ಎದ್ದಿತೇ ಅನ್ನುವುದು ಮುಖ್ಯ.

ಮೊದಲ ಬ್ಯಾಚಿನಲ್ಲಿ ನಮ್ಮ ವಿಭಾಗಕ್ಕೆ ಬಂದ ಒಬ್ಬ ಹುಡುಗಿ ನೆನಪಾಗುತ್ತಾಳೆ. ಆಗ ಬ್ಲಾಕ್ ನಾಲ್ಕು ವಾರದ್ದು. ಅರಿವಳಿಕೆಯಲ್ಲಿರುವ ರೋಗಿಗೆ ಬ್ಯಾಗ್ ಒತ್ತಿ ಉಸಿರು ಕೊಡಲು ಮಾಸ್ಕ್ ಹಿಡಿಯುವುದು ಕಲಿಸುತ್ತಿದ್ದೆ. ಎಡಗೈ ಹೆಬ್ಬೆರಳು, ತೋರುಬೆರಳು ಸೇರಿಸಿ ಇಂಗ್ಲಿಷಿನ ಸಿ ಅಕ್ಷರದಂತೆ ಮಾಸ್ಕನ್ನು ಒತ್ತಬೇಕು. ಉಳಿದ ಮೂರು ಬೆರಳು ಇ ಅಕ್ಷರದಂತೆ ದವಡೆಯ ಮೂಳೆಯನ್ನು ಮೇಲಕ್ಕೆ ಎತ್ತಬೇಕು. ಬೆರಳು ಮೂಳೆ ಬಿಟ್ಟು ಕತ್ತಿನ ಮೆತ್ತನೆ ಭಾಗಕ್ಕೆ ಜಾರಿದರೆ ಉಸಿರಿನ ದಾರಿ ಅಲ್ಲೇ ಮುಚ್ಚುತ್ತದೆ. ಅವಳು ಬ್ಯಾಗ್ ಒತ್ತಿದಳು, ಎದೆ ಏಳಲಿಲ್ಲ. ಮಾಸ್ಕಿನ ಪಕ್ಕದಿಂದ ಗಾಳಿ ಸೋರುವ ಸದ್ದು. ನಾನು ಅವಳ ಕಿರುಬೆರಳನ್ನು ಹಿಡಿದು ದವಡೆಯ ಮೂಲೆಗೆ ಇಟ್ಟೆ. ಮತ್ತೆ ಒತ್ತಿದಳು. ಎದೆ ಎದ್ದಿತು, ಮಾಸ್ಕಿನೊಳಗೆ ಮಂಜು ಕಟ್ಟಿತು, ಮಾನಿಟರಿನ ಗೆರೆ ಏರಿತು. ಅವಳು ನನ್ನ ಕಡೆ ನೋಡಲೇ ಇಲ್ಲ, ಎದೆಯನ್ನೇ ನೋಡುತ್ತಿದ್ದಳು. ಇಂಥ ಒಂದು ಕೆಲಸವನ್ನು ಕೈಯಾರೆ ಮಾಡಿ ಬರುವುದು ಯಾವ ವಿಭಾಗದಲ್ಲಾದರೂ ಸಾಧ್ಯ. ರೋಗಿಯ ಒಪ್ಪಿಗೆ ಇರಬೇಕು, ಪಕ್ಕದಲ್ಲಿ ಸೀನಿಯರ್ ಇರಬೇಕು, ಅಷ್ಟೇ. ಫೋಟೋ, ರೀಲ್ಸ್ ಮಾತ್ರ ಖಂಡಿತ ಬೇಡ. ಮುಖ ಕಾಣದಿದ್ದರೂ ಬೇಡ.

ರಾತ್ರಿ ಮಲಗುವ ಮೊದಲು ಮೂರು ಸಾಲು ಬರೆಯಿರಿ. ಇವತ್ತು ಏನು ಮಾಡಿದೆ. ಎಷ್ಟು ಸಲ ಗಡಿಯಾರ ನೋಡಿದೆ, ಯಾವಾಗ. ಮನೆಗೆ ಬಂದ ಮೇಲೂ ತಲೆಯಲ್ಲಿ ಉಳಿದದ್ದು ಏನು. ಎರಡನೇ ಸಾಲೇ ಬಹಳ ಮುಖ್ಯ. ಇಷ್ಟ ಎಂದು ಬಾಯಿ ಸುಳ್ಳು ಹೇಳಬಹುದು, ಗಡಿಯಾರದ ಕಡೆ ಹೋಗುವ ಕಣ್ಣು ಹೇಳುವುದಿಲ್ಲ. ಲಾಗ್‌ಬುಕ್ ಬೇರೆ, ಈ ಡೈರಿ ಬೇರೆ. ಲಾಗ್‌ಬುಕ್ಕನ್ನೂ ಅದೇ ರಾತ್ರಿ ತುಂಬಿ, ಕೊನೇ ದಿನಕ್ಕೆ ಇಟ್ಟುಕೊಂಡರೆ ಯಾವ ದಿನ ಯಾವ ಕೇಸ್ ಎಂದೇ ಮರೆತಿರುತ್ತದೆ.

ಹಂತ 8: ಪಿಜಿಗಳ ಹತ್ತಿರ ಕೇಳಬೇಕಾದದ್ದು

ಚೀಫ್ ಎದುರಿಗೆ ಕೇಳಬೇಡಿ. ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಟೀ ಕೊಡಿಸಿ ಕೇಳಿ.

- ಕೊನೆ ಸಲ ಊರಿಗೆ ಹೋಗಿದ್ದು ಯಾವಾಗ?
- ಫಸ್ಟ್ ಇಯರ್‌ನಲ್ಲಿ ಎಷ್ಟು ಜನ ಇದ್ದೀರಿ, ಡ್ಯೂಟಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ?
- ಫೈನಲ್ ಇಯರ್ ಮುಗಿಯುವಾಗ ನಿಮ್ಮದೇ ಕೈಯಲ್ಲಿ ಯಾವ ಯಾವ ಕೇಸ್ ಮಾಡಿರುತ್ತೀರಿ? ಬರೀ ರಿಟ್ರಾಕ್ಟರ್ ಹಿಡಿಯುವುದಾ?
- ಹೋದ ವರ್ಷ ಪಾಸಾದವರು ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ?
- ಮತ್ತೆ ಆರಿಸಲು ಬಿಟ್ಟರೆ ಇದನ್ನೇ ಆರಿಸುತ್ತೀರಾ?

ಕೊನೇ ಪ್ರಶ್ನೆಗೆ ಬರುವ ಉತ್ತರಕ್ಕಿಂತ, ಉತ್ತರ ಬರುವ ಮೊದಲು ಅವರು ಎಷ್ಟು ಹೊತ್ತು ಸುಮ್ಮನಿರುತ್ತಾರೆ ಎನ್ನುವುದನ್ನು ಗಮನಿಸಿ. ಒಬ್ಬರ ಮಾತಿನ ಮೇಲೆ ತೀರ್ಮಾನಿಸಬೇಡಿ, ಮೂವರನ್ನಾದರೂ ಕೇಳಿ. ಬ್ರಾಂಚಿನ ಕಷ್ಟ ಯಾವುದು, ಆ ಯೂನಿಟ್ಟಿನ ಕಷ್ಟ ಯಾವುದು ಎಂದು ಬೇರೆ ಮಾಡಿ ನೋಡಿ. ಬೈಯುವ ಚೀಫ್ ಇದ್ದಾರೆ ಎಂದು ಇಡೀ ಸರ್ಜರಿಯನ್ನೇ ಬಿಟ್ಟವರಿದ್ದಾರೆ. ಬೇರೆ ಕಾಲೇಜಿನಲ್ಲಿ ಅವರಿಗೆ ಅದೇ ಸರ್ಜರಿ ಚೆನ್ನಾಗಿ ಹೊಂದುತ್ತಿತ್ತೇನೋ.

ಹಂತ 9: ಇಂಟರ್ನ್‌ಶಿಪ್‌ನಲ್ಲಿ ಮತ್ತೊಮ್ಮೆ ಪರೀಕ್ಷಿಸಿ

ಇಲೆಕ್ಟಿವ್ ಮುಗಿದ ವಾರವೇ ಒಂದು ಪುಟ ಬರೆದಿಡಿ: ಪಟ್ಟಿಯಲ್ಲಿ ಈಗ ಮೊದಲ ಮೂರು ಯಾವುವು, ಯಾಕೆ. ಇಂಟರ್ನ್‌ಶಿಪ್‌ನ 12 ತಿಂಗಳು ಅದನ್ನು ಒರೆಗೆ ಹಚ್ಚುವ ಕಾಲ. ಈಗಿನ ನಿಯಮದಲ್ಲಿ ಸೈಕಿಯಾಟ್ರಿ, ಅನಸ್ತೇಷಿಯಾ, ಆರ್ಥೋ, ಇಎನ್‌ಟಿ, ಕಣ್ಣು, ಕ್ಯಾಶುವಾಲ್ಟಿ ಎರಡೆರಡು ವಾರ ಇವೆ. ನೀಟ್ ಪಿಜಿ ಓದು ತಲೆ ಮೇಲಿರುತ್ತದೆ, ಗೊತ್ತು. ಎಲ್ಲ ಪೋಸ್ಟಿಂಗ್‌ನಲ್ಲೂ ಪೂರ್ತಿ ಇರಿ ಎಂದು ನಾನು ಹೇಳುವುದಿಲ್ಲ. ಪಟ್ಟಿಯಲ್ಲಿರುವ ಮೂರರಲ್ಲಿ ಮಾತ್ರ ತಪ್ಪಿಸಬೇಡಿ. ಇಂಟರ್ನ್ ಆಗಿ ಜವಾಬ್ದಾರಿ ಹೆಗಲಿಗೆ ಬಿದ್ದಾಗ ಕೆಲವರ ಮನಸ್ಸು ಪೂರಾ ತಿರುಗುತ್ತದೆ. ತಿರುಗಲಿ, ಅದಕ್ಕೇ ಆ ವರ್ಷ ಇರುವುದು.

ಅಮೆರಿಕಕ್ಕೆ ಹೋಗಬೇಕು ಅನ್ನುವವರಿಗೆ

ಅಲ್ಲಿನ ಲೆಕ್ಕವೇ ಬೇರೆ. ರೆಸಿಡೆನ್ಸಿಗೆ (ಅಲ್ಲಿನ ಪಿಜಿ ತರಬೇತಿಗೆ) ಪರೀಕ್ಷೆಯ ಅಂಕದ ಜೊತೆ ಶಿಫಾರಸು ಪತ್ರ, ಸಂದರ್ಶನ ಎಲ್ಲ ನೋಡುತ್ತಾರೆ. ಅಲ್ಲಿನ ಲೈಸೆನ್ಸ್ ಪರೀಕ್ಷೆಯ ಮೊದಲ ಹಂತವಾದ ಸ್ಟೆಪ್ ಒನ್ 2022ರ ಜನವರಿಯಿಂದ ಬರೀ ಪಾಸ್-ಫೇಲ್ ಆಗಿದೆ, ಹಾಗಾಗಿ ಪತ್ರಗಳ ತೂಕ ಹೆಚ್ಚಿದೆ. ಇಆರ್‌ಎಎಸ್ ಎಂಬ ಆನ್‌ಲೈನ್ ಅರ್ಜಿ ವ್ಯವಸ್ಥೆಯ ಮೂಲಕ ಒಂದು ಪ್ರೋಗ್ರಾಮಿಗೆ ನಾಲ್ಕು ಪತ್ರಗಳ ತನಕ ಕಳಿಸಬಹುದು. ಅಲ್ಲಿನ ಆಸ್ಪತ್ರೆಯಲ್ಲಿ ನಿಮ್ಮ ಕೆಲಸ ಕಣ್ಣಾರೆ ನೋಡಿದವರು, ನೀವು ಸೇರಬೇಕೆಂದಿರುವ ಬ್ರಾಂಚಿನವರೇ ಬರೆದ ಪತ್ರಕ್ಕೆ ಬೆಲೆ ಜಾಸ್ತಿ.

ಮುಖ್ಯ ವಿಷಯ ಇದು: ರೋಗಿಯನ್ನು ಮುಟ್ಟಿ ಪರೀಕ್ಷಿಸುವ ಇಲೆಕ್ಟಿವ್ ಸಾಮಾನ್ಯವಾಗಿ ವಿದ್ಯಾರ್ಥಿಗಳಿಗೆ ಮಾತ್ರ. ಡಿಗ್ರಿ ಕೈಗೆ ಬಂದ ಮೇಲೆ ಬಹುತೇಕ ಕಡೆ ಸಿಗುವುದು ಬದಿಯಲ್ಲಿ ನಿಂತು ನೋಡುವ ಅಬ್ಸರ್ವರ್‌ಶಿಪ್. ಹಾಗಾಗಿ ಫೈನಲ್ ಇಯರ್ ಒಳಗೆ ಯೋಜನೆ ಆಗಬೇಕು. ಕೆಲವು ಕಡೆ ನಮ್ಮ ಇಂಟರ್ನ್‌ಗಳನ್ನೂ ವಿದ್ಯಾರ್ಥಿ ಎಂದೇ ಒಪ್ಪುತ್ತಾರೆ, ಆದರೆ ಪ್ರತಿ ಸಂಸ್ಥೆಯ ನಿಯಮವನ್ನು ಬೇರೆ ಬೇರೆಯಾಗಿ ಓದಬೇಕು. ಅಲ್ಲಿನ ಬ್ಲಾಕ್ ಸಾಮಾನ್ಯವಾಗಿ ನಾಲ್ಕು ವಾರ, ನಮ್ಮ 15 ದಿನದಲ್ಲಿ ಅದು ಹಿಡಿಸುವುದಿಲ್ಲ. ರಜೆ, ಕಾಲೇಜಿನ ಒಪ್ಪಿಗೆ, ವೀಸಾ, ವಿಮೆ, ಶುಲ್ಕ ಎಲ್ಲ ಸೇರಿ ದೊಡ್ಡ ಖರ್ಚು. ಮನೆಯಲ್ಲಿ ಮೊದಲೇ ಲೆಕ್ಕ ಹಾಕಿ. ಪತ್ರ ಕೇಳುವುದಿದ್ದರೆ ಕೊನೇ ದಿನ ಕೇಳಬೇಡಿ. ಎರಡನೇ ವಾರದಲ್ಲೇ, ‘ನನ್ನ ಕೆಲಸದಲ್ಲಿ ಏನು ತಿದ್ದಿಕೊಳ್ಳಬೇಕು?’ ಎಂದು ಕೇಳಿ, ಅದನ್ನು ತಿದ್ದಿಕೊಂಡು ತೋರಿಸಿ, ಆಮೇಲೆ ಪತ್ರ ಕೇಳಿ.

ಕೌನ್ಸೆಲಿಂಗ್ ರಾತ್ರಿ

ಅಖಿಲ ಭಾರತ ಕೋಟಾಗೆ ಕೇಂದ್ರದ ಎಂಸಿಸಿ, ರಾಜ್ಯದ ಸೀಟುಗಳಿಗೆ ಕೆಇಎ ಕೌನ್ಸೆಲಿಂಗ್ ನಡೆಸುತ್ತವೆ. ಎರಡೂ ಕಡೆ ಆಯ್ಕೆಗಳನ್ನು ಕ್ರಮವಾಗಿ ಜೋಡಿಸಬೇಕು. ಸಿಕ್ಕ ಸೀಟು ಬಿಟ್ಟರೆ ಏನಾಗುತ್ತದೆ ಎನ್ನುವ ಆ ವರ್ಷದ ನಿಯಮವನ್ನು ಮೊದಲು ಓದಿ. ಆಮೇಲೆ ಡೈರಿ ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ. ಚಿಕ್ಕಪ್ಪ, ಪಕ್ಕದ ಮನೆ ಡಾಕ್ಟರು, ಕೋಚಿಂಗ್ ಸರ್ ಎಲ್ಲರೂ ಫೋನ್ ಮಾಡುತ್ತಾರೆ. ಅವರ ಮಾತು ಕೇಳಿ, ಆದರೆ ಮೊದಲ ಸಾಲು ತುಂಬುವಾಗ ನಿಮ್ಮದೇ ಕೈಬರಹ ಓದಿ.

ಮಾಸ್ಕ್ ಹಿಡಿದ ಆ ಹುಡುಗಿ ಇಲೆಕ್ಟಿವ್ ಮುಗಿದ ದಿನ ಡೈರಿ ತಂದು ತೋರಿಸಿದಳು. ಅನಸ್ತೇಷಿಯಾ ತೆಗೆದುಕೊಳ್ಳುತ್ತಾಳೆ ಎಂದೇ ನಾನು ಅಂದುಕೊಂಡಿದ್ದೆ. ಪುಟ ತಿರುಗಿಸಿದೆ. ಗಡಿಯಾರ ಐದು ಸಲ, ಗಡಿಯಾರ ಏಳು ಸಲ, ನಾಲ್ಕು ಸಲ. ನಡುವೆ ಮೂರು ದಿನ ಮಾತ್ರ ಸೊನ್ನೆ. ಆ ಮೂರು ದಿನ ಟೇಬಲ್ ಮೇಲಿದ್ದದ್ದು ಏನು ಎಂದು ಲಾಗ್‌ಬುಕ್ ನೋಡಿದೆವು. ಸೀಳುತುಟಿ, ಹರ್ನಿಯಾ, ಮತ್ತೆ ಹರ್ನಿಯಾ. ಮೂರೂ ಪುಟ್ಟ ಮಕ್ಕಳು. ‘ನಿನಗೆ ಬೇಕಾಗಿರೋದು ನನ್ನ ವಿಭಾಗ ಅಲ್ಲಮ್ಮ’ ಅಂದೆ. ಅವಳು ಸ್ವಲ್ಪ ಹೊತ್ತು ಆ ಮೂರು ಸೊನ್ನೆಗಳನ್ನೇ ನೋಡುತ್ತ ಕೂತಳು.

ಈಗ ಅವಳು ಪೀಡಿಯಾಟ್ರಿಕ್ಸ್ ಫಸ್ಟ್ ಇಯರ್. ಮೊನ್ನೆ ರಾತ್ರಿ ಎಮರ್ಜೆನ್ಸಿ ಓಟಿಗೆ ಒಂದು ನವಜಾತ ಶಿಶುವನ್ನು ತಾನೇ ಬ್ಯಾಗ್ ಒತ್ತುತ್ತ ಕರೆತಂದಳು. ಲಿಫ್ಟಿನಿಂದ ಟೇಬಲಿನ ತನಕ ಕೈ ತೆಗೆದಿರಲಿಲ್ಲ. ಕಿರುಬೆರಳು ದವಡೆಯ ಮೂಲೆಯಲ್ಲೇ ಇತ್ತು.